ಏಳನೆಯ ಕಲ್ಲು

ಫೋಟೋದವನ ಹೆಂಡತಿ ಗಂಡನನ್ನು ಇಳಿಸಿದ ಗುಂಡಿಗೆ ಹಿಡಿಮಣ್ಣು ಹಾಕಿ ಕೈ ಕೊಡವುತ್ತಿರುವಾಗಲೇ ಮೇಲೂರಿನ ಅಕ್ಕ ಬಂದು ಅವಳ ಭುಜ ಹಿಡಿದಳು.

"ಒಳ್ಳೆ ಜಾಗ ಸಿಕ್ತು ಬಿಡು ನಿನ್ನ ಯಜಮಾನರಿಗೆ. ನಮ್ಮವರಿಂದ ನಾಲ್ಕೇ ಹೆಜ್ಜೆ."

ಗಣಿ ಮುಚ್ಚಿದ ಮೇಲೆ ಆ ಸೀಮೆಯಲ್ಲಿ ಬೆಳೆದದ್ದೆಂದರೆ ಸ್ಮಶಾನ ಒಂದೇ. ಇಪ್ಪತ್ತು ಮಂದಿ ಬಂದಿದ್ದರೆ ಹೆಚ್ಚು. ಸತ್ತವನು ಅವರೆಲ್ಲರನ್ನೂ ಒಂದಲ್ಲ ಒಂದು ದಿನ ಫೋಟೋ ತೆಗೆಯಲೆಂದು ಬಿಸಿಲಲ್ಲಿ ನಿಲ್ಲಿಸಿ ಸತಾಯಿಸಿದ್ದವನೇ.

"ಒಂದ್ನಿಮಿಷ ಅನ್ನೋನು ಮಹಾರಾಯ," ಎಂದ ಗಣಿಯ ಹಳೆಯ ಲಿಫ್ಟಿನವನು. "ಮೋಡ ಸರೀಲಿ ಅಂತ ಅರ್ಧ ಗಂಟೆ ನಿಲ್ಲಿಸೋನು. ನನ್ನ ಮಗಳ ಮದುವೇಲಿ ಊಟ ತಣ್ಣಗಾಯ್ತು, ಬೀಗರು ಬಿಸಿಯಾದ್ರು."

ನಗಬಾರದ ಜಾಗದಲ್ಲಿ ಎಲ್ಲರೂ ನಕ್ಕರು. ಅವಳಿಗೂ ನಗು ಬಂತು, ಬೆನ್ನಿಗೇ ಸುಸ್ತು ಬಂತು. ಮೂರು ತಿಂಗಳು ಹಾಸಿಗೆಯ ಪಕ್ಕ ಕೂತು ಮೈಯೆಲ್ಲ ಹಣ್ಣಾಗಿತ್ತು.

"ನಮ್ಮನೆಗಂತೂ ವರ್ಷಕ್ಕೊಂದು ಸಲ ತಪ್ಪದೆ ಬರೋರು," ಎಂದಳು ಮೇಲೂರಿನ ಅಕ್ಕ. "ನನ್ನನ್ನ, ಹಸುನ, ಗಣಿ ಅಗೆದು ಬಿಟ್ಟ ಗುಡ್ಡಾನ, ಎಲ್ಲಾ ತೆಗ್ದು ಪುಕ್ಕಟೆ ಕೊಟ್ಟು ಹೋಗೋರು. ಕೆಳಗಿನೂರಿನ ಇವಳಿಗೂ ಹಾಗೇ. ಪುಣ್ಯಾತ್ಮ."

ಪಕ್ಕದಲ್ಲಿದ್ದ ಕೆಳಗಿನೂರಿನವಳು ತಲೆಯಾಡಿಸಿದಳು. ಅವಳೂ ಗಣಿಗೆ ಗಂಡನನ್ನು ಕೊಟ್ಟವಳೇ. ಅವಳದು ಮಾತು ಕಡಿಮೆ.

"ನಾನೂ ಹೇಳಿಟ್ಟಿದ್ದೀನಿ ಕಣೆ, ನಮ್ಮವರ ಏಳನೇ ಕಲ್ಲಿನ ಪಕ್ಕ ನಂಗೆ ಜಾಗ ಅಂತ," ಎಂದಳು ಮೇಲೂರಿನ ಅಕ್ಕ. " ಆರೇ ವರ್ಷ ಸಂಸಾರ ಮಾಡಿದ್ದು. ಇನ್ನು ಮೇಲಾದ್ರೂ ಜೊತೇಲಿರ್ತೀನಿ."

ಗಂಡನ ಜೊತೆ ಮಣ್ಣಾಗಲಿ ಎಂದು ಫೋಟೋದವನ ಹೆಂಡತಿ ಬಿಟ್ಟಿದ್ದ ಮಾತು ಮತ್ತೆ ನಾಲಿಗೆಗೆ ಬಂತು.

*

ಗಣಿ ಕುಸಿದಾಗ ಹದಿನಾಲ್ಕು ಹೆಣ ಮೇಲೆ ಬಂದವು. ಕಡು ಬೇಸಿಗೆ, ಇಟ್ಟುಕೊಳ್ಳುವಂತಿರಲಿಲ್ಲ. ಮುಖಗಳು ಗುರುತು ಸಿಗುವಂತಿರಲಿಲ್ಲ. ಕಂಪನಿಯವರು ಫೋಟೋದವನನ್ನು ಕರೆಸಿ, ಒಬ್ಬೊಬ್ಬರ ಕೈ, ಕಾಲು, ಬಟ್ಟೆಯ ಫೋಟೋ ತೆಗೆಸಿ, ಅಂದೇ ಹೂಳಿ, ನಂಬರಿನ ಕಲ್ಲು ನೆಟ್ಟರು. ದೂರದ ಹಳ್ಳಿಗಳಿಂದ ಮನೆಯವರು ಬಂದು ಸೇರುವಷ್ಟರಲ್ಲಿ ಮೂರು ದಿನ. ಫೋಟೋ ನೋಡಿ ಗುರುತು ಹಿಡಿಯಬೇಕು, ಅದರ ಹಿಂದೆ ಬರೆದ ನಂಬರಿನ ಕಲ್ಲಿಗೆ ಹೋಗಿ ಅಳಬೇಕು. ಒಬ್ಬಳು ತಾನೇ ತೇಪೆ ಹಾಕಿದ ಅಂಗಿಯ ತೋಳನ್ನು ಗುರುತಿಸಿದಳು, ಇನ್ನೊಬ್ಬಳು ಸೊಟ್ಟ ಕಿರುಬೆರಳನ್ನು.

ಕಣ್ಣು ಮುಚ್ಚದೆ ಪ್ರಿಂಟು ಹಾಕಿದ್ದ ಫೋಟೋದವನು, ತಂತಿಯ ಮೇಲೆ ಒಣಗಿದವನ್ನು ತೆಗೆದು ನಂಬರು ಬರೆಯುವಾಗ ಏಳಕ್ಕೆ ಹನ್ನೊಂದು, ಹನ್ನೊಂದಕ್ಕೆ ಏಳು ಬರೆದುಬಿಟ್ಟಿದ್ದ. ಗೊತ್ತಾದದ್ದು ಹತ್ತು ವರ್ಷದ ಮೇಲೆ, ಹೂಳಿದ ಸಾಲಿನಲ್ಲೇ ಇದ್ದ ಹಳೆಯ ನೆಗೆಟಿವ್‌ಗಳನ್ನು ಒರೆಸಿಡುವಾಗ.

"ಹೇಳ್ಬಿಡಿ," ಎಂದಿದ್ದಳು ಹೆಂಡತಿ.

"ಹೇಳ್ತೀನಿ. ಈ ಸಲ ಹೋದಾಗ."

ಹೋದ. ಫೋಟೋ ತೆಗೆದ, ಬಂದ. ಇಪ್ಪತ್ತೆರಡು ವರ್ಷ ಅದೇ ಆಯಿತು. ಕೊನೆಕೊನೆಗೆ ಇವಳೂ ಕೇಳುವುದನ್ನು ಬಿಟ್ಟಳು. ಅದು ಇವಳ ಪಾಲಿನ ತಪ್ಪು.

*

"ಅಕ್ಕಾ, ಏಳನೇದು ನಿಮ್ಮವರದ್ದಲ್ಲ."

ಏಳರಲ್ಲಿರುವುದು ಕೆಳಗಿನೂರಿನವಳ ಗಂಡ, ಹನ್ನೊಂದರಲ್ಲಿ ಅಕ್ಕನ ಗಂಡ ಎಂದು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು.

"ನಿಂಗೆ ಎಷ್ಟು ದಿನದಿಂದ ಗೊತ್ತು?" ಎಂದಳು ಮೇಲೂರಿನ ಅಕ್ಕ.

"ಇಪ್ಪತ್ತೆರಡು ವರ್ಷ."

"ನಮ್ಮನೆಗೆ ಬಂದು ಕೂತು ಟೀ ಕುಡ್ದಿದ್ದೀಯಲ್ಲೇ! ನನ್ನ ಮುಖ ನೋಡ್ಕೊಂಡು!"

ನಾಚಿಕೆಯಿಂದ ಇವಳ ಮುಖ ಸುಟ್ಟುಹೋದಂತಾಯಿತು.

ಮೇಲೂರಿನ ಅಕ್ಕ ಹನ್ನೊಂದನೆಯ ಕಲ್ಲಿನವರೆಗೆ ನಡೆದಳು. ಅಲ್ಲಿ ತುಂಬ ಹೊತ್ತು ನಿಂತಳು. ವಾಪಸು ಬಂದು ಏಳನೆಯ ಕಲ್ಲಿನ ಬುಡದಲ್ಲಿ ಕುಸಿದು ಕೂತಳು.

"ಮನೆ ಸೋರಿದ್ದು, ಮಗಳು ಹೋಗಿದ್ದು, ಎಲ್ಲಾ ಇವನ ಹತ್ರಾನೇ ಹೇಳ್ಕೊಂಡಿದ್ದೀನಿ. ಅವರಿಗೆ ಮೊದಲಿಂದ ಹೇಳೋಕೆ ಇನ್ನು ನನ್ನ ಕೈಲಾಗಲ್ಲ. ನೀನು ಹೋಗಮ್ಮ ಇಲ್ಲಿಂದ."

ಹಾಗೆಂದು ಕಲ್ಲಿನ ಸುತ್ತ ಎದ್ದ ಕಳೆ ಕೀಳತೊಡಗಿದಳು.

ಫೋಟೋದವನ ಹೆಂಡತಿ ಹೊರಟಳು. ಗೇಟಿನ ಹತ್ತಿರ ತಿರುಗಿ ನೋಡಿದಳು. ಕೆಳಗಿನೂರಿನವಳು ಏಳನೆಯ ಕಲ್ಲಿನ ಮುಂದೆ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಮೇಲೂರಿನ ಅಕ್ಕ ತಲೆಯೆತ್ತಲಿಲ್ಲ. ಕಳೆ ಕೀಳುತ್ತಲೇ ಕೂತಲ್ಲಿಂದ ಒಂದಿಷ್ಟು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟಳು.