ಎರಡನೇ ಚುಚ್ಚುಮದ್ದು

ಕೆಂಪು ಚುಕ್ಕೆ ನಡುಗುತ್ತಿದೆ, ನಮ್ಮ ಲ್ಯಾಬಿನ ಯಜಮಾನ ತೊಕುಮಾರು ಸೆನ್ಸೇಯ ಕೈಯ ಬೆಳಕಿನ ಕಡ್ಡಿಯದು, ಪರದೆಯ ಮೇಲಿನ ಬೋಳಿಸಿದ ಇಲಿಯ ಹೊಟ್ಟೆಯನ್ನು ನೆಕ್ಕುತ್ತ ನೆಕ್ಕುತ್ತ ಈಗ ಅದರೊಳಗಿನ ಒಂದು ಹೊಳಪಿನ ಮೇಲೆ ನಿಂತಿತು — ನಿಲ್ಲು ಮಾರಾಯ, ಅಲ್ಲೇ ನಿಲ್ಲು, ಬಾಯಿ ಬಿಡು — ನೋಡಿ, ಎನ್ನುತ್ತಾನೆ, ಮೂಗಿನಿಂದ, ಶೀತ ಹಿಡಿದ ಬಾತುಕೋಳಿಯ ಹಾಗೆ, ನೋಡಿ ನಮ್ಮ ಔಷಧಿಯ ಕಣ ಎಲ್ಲಿಗೆ ಹೋಗಿದೆ, ನೇರ ಕ್ಯಾನ್ಸರ್ ಗಡ್ಡೆಗೆ, ಲಿವರ್ ಅನ್ನೋ ದಡ್ಡ ಕಾವಲುಗಾರನ ಮೂಗಿನ ಕೆಳಗೇ ದಾಟಿ! ಮುಂದಿನ ಸಾಲಿನಲ್ಲಿ ಒಸಾಕಾದ ಔಷಧ ಕಂಪನಿಯ ಮೂವರು, ಮೂರು ಕಪ್ಪು ಕೋಟು, ಮೂರೂ ತಲೆ ಒಟ್ಟಿಗೇ ಆಡುತ್ತವೆ. ಗಡ್ಡೆಯಂತೆ. ಕಣವಂತೆ. ಪರದೆಯ ಮೇಲಿನ ಆ ಏಳನೇ ಇಲಿಯ ಬಾಲದ ರಕ್ತನಾಳಕ್ಕೆ ನಾನು, ಈ ನಾಸುನೋ, ಚುಚ್ಚಿದ್ದು ಬರೀ ಉಪ್ಪುನೀರು. ಹೊಳೆಯುತ್ತಿರುವುದು ಹುಲ್ಲು, ತಿಂಡಿಗೆ ಬೆರೆಸಿದ ಹಸಿರು ಹುಲ್ಲಿನ ಪುಡಿ, ಕರುಳಿನಲ್ಲಿ ಕೂತು ಕ್ಯಾಮೆರಾದ ಬೆಳಕಿಗೆ ತಾನೇ ಮಿನುಗುತ್ತದೆ, ಚಿತ್ರ ತೆಗೆಯುವುದಕ್ಕೆ ವಾರ ಮೊದಲೇ ಆ ತಿಂಡಿ ಬಿಡಿಸಬೇಕೆಂದು ಇಲಿಮನೆಯ ಗೋಡೆಗೇ ಬರೆದು ಅಂಟಿಸಿದ್ದೇವೆ, ಅಲ್ಲಿಗೆ ಕಾಲಿಟ್ಟು ಹನ್ನೊಂದು ವರ್ಷವಾದವನಿಗೆ ಹೇಗೆ ಗೊತ್ತಾಗಬೇಕು, ಶರತ್ಕಾಲಕ್ಕೊಮ್ಮೆ ಸತ್ತ ಇಲಿಗಳ ಸ್ಮಾರಕದ ಕಲ್ಲಿಗೆ ಸೇವಂತಿಗೆ ಇಟ್ಟು, ನಿಮ್ಮ ಪ್ರಾಣ ವ್ಯರ್ಥವಾಗಲಿಲ್ಲಾಆ, ಎಂದು ಮೂಗೊರೆಸಿಕೊಂಡರೆ ಮುಗಿಯಿತು — ಆಮೇಲೆ ಬಿಯರಿನ ಮೇಜಿನಲ್ಲಿ ಅದನ್ನೇ ನಾನು ಅವನ ದನಿಯಲ್ಲಿ ಹೇಳುತ್ತೇನೆ, ನಾಸುನೋ ಇನ್ನೊಂದ್ಸಲ, ಇನ್ನೊಂದ್ಸಲ, ಲ್ಯಾಬಿನ ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು.

ನಗಲಿ, ಬೇಸಿಗೆಯಲ್ಲಿ ನಿಜವಾದ ಚಿತ್ರ ಹಿಡಿದು ಅವನ ಕೋಣೆಗೆ ಹೋದಾಗ ಯಾರೂ ನಗಲಿಲ್ಲ: ಸೆನ್ಸೇ, ಪಾಲಿಮರ್ ಹೊದ್ದ ಕಣ ಮೊದಲನೇ ಸಲ ಯಾರ ಕಣ್ಣಿಗೂ ಬೀಳದೆ ಇಡೀ ದಿನ ರಕ್ತದಲ್ಲಿ ಸುತ್ತುತ್ತೆ, ಸರಿ, ವಾರ ಬಿಟ್ಟು ಎರಡನೇ ಸಲ ಕೊಡಿ, ಅಷ್ಟರಲ್ಲಿ ರಕ್ತ ಸೋಸೋ ಗುಲ್ಮ ಆ ಹೊದಿಕೆಯ ಗುರುತು ಇಟ್ಟುಕೊಂಡಿರುತ್ತೆ, ನಿಮಿಷಗಳಲ್ಲಿ ಲಿವರ್ ಎಲ್ಲವನ್ನೂ ನುಂಗುತ್ತೆ, ಒಳಗಿರೋ ಗಡ್ಡೆ ಕೊಲ್ಲೋ ವಿಷದ ಸಮೇತ — ಚಿತ್ರದಲ್ಲಿ ಲಿವರ್ ಕೆಂಡದ ಹಾಗೆ. ಏನಯ್ಯಾ, ಸೂಜಿ ಹಿಡಿಯೋಕೂ ಬರಲ್ವಾ ನಿನಗೆ, ಅಂದ. ನನ್ನ ಚಿತ್ರದ ಕಾಗದದ ಮೇಲೆ, ಆ ಕೆಂಡದ ಮೇಲೆಯೇ ಚಹಾ ಬಟ್ಟಲು ಇಟ್ಟ. ಮುಂದಿನ ತಿಂಗಳು ಹದಿನೆಂಟು ರೋಗಿಗಳಿಗೆ ವಾರಕ್ಕೊಂದು ಚುಚ್ಚುಮದ್ದು ಶುರು, ಅನುಮತಿಯ ಅರ್ಜಿಯಲ್ಲಿ ಆ ಕೆಂಡವಿಲ್ಲ, ಹುಲ್ಲಿಗೂ ಔಷಧಿಗೂ ವ್ಯತ್ಯಾಸ ತಿಳಿಯದ ಮಹಾಶಯನ ಸಹಿ ಇದೆ. ಪರದೆಯ ಚಿತ್ರಗಳನ್ನು ಜೋಡಿಸಿದ್ದು ನಾನು, ಉಪ್ಪುನೀರಿನ ಇಲಿಯನ್ನು ಬೇಕೆಂದೇ ಸೇರಿಸಿದ್ದೂ ನಾನು, ಅವನು ತನ್ನ ಕೈಯಾರೆ ಜೋಡಿಸಿದ್ದು ಯಾವಾಗ. ಹುಲ್ಲಿನ ಹಿಂದೆಯೇ ಕೆಂಡವಿದೆ, ಆ ಕಾಗದವನ್ನೇ ಸ್ಕ್ಯಾನ್ ಮಾಡಿ ಹಾಕಿದ್ದೇನೆ, ಚಹಾದ ಕಲೆಯ ಸಮೇತ, ಮೊದಲು ಇವನ ಮರ್ಯಾದೆ ಹೋಗಲಿ, ಕಪ್ಪು ಕೋಟುಗಳ ಬಾಯಿ ತೆರೆದಿರುವಾಗಲೇ ಅದನ್ನು ತೋರಿಸುತ್ತೇನೆ, ಈಗ, ಎದ್ದೆ — ಬಾಯಿಂದ ಬಂದದ್ದು ಅವನದೇ ದನಿ, ಹಾಳು ಅಭ್ಯಾಸ, ಮೂಗಿನಿಂದ: ನೋಡಿ, ಏಳನೇ ಇಲಿಗೆ ಕೊಟ್ಟಿದ್ದು ಉಪ್ಪುನೀರು, ಹೊಳೀತಿರೋದು ಅದು ತಿಂದ ಹುಲ್ಲು. ಬಾತುಕೋಳಿಯ ಕತ್ತು ಕೆಂಪಾಯಿತು, ಕಿವಿ, ಹಣೆ, ಇನ್ನೇನು — ನಕ್ಕುಬಿಟ್ಟ. ಮೇಜು ಕುಟ್ಟಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಎಲ್ಲರಿಗಿಂತ ಜೋರಾಗಿ: ಅಯ್ಯೋ ನಾಸುನೋ-ಕುನ್! ಹಾಗಾದ್ರೆ ನನ್ನ ಔಷಧಿಗಿಂತ ಹುಲ್ಲೇ ವಾಸಿ ಅನ್ನು! ನೋಡಿದ್ರಾ, ನಮ್ಮ ಹುಡುಗರು ನನ್ನನ್ನೂ ಬಿಡಲ್ಲ, ಅಷ್ಟು ಬಿಗಿ ನಮ್ಮ ಲ್ಯಾಬು! ಮೂರು ಕಪ್ಪು ಕೋಟೂ ನಕ್ಕವು, ನಾನು ಗುಂಡಿ ಒತ್ತಿದೆ, ಕೆಂಡ ಬಂತು, ಈ ಸಲ ನನ್ನ ಸ್ವಂತ ದನಿ, ಇದು ತಮಾಷೆಯಲ್ಲ, ಇದು ಎರಡನೇ ಚುಚ್ಚುಮದ್ದು — ಕೋಟೊಂದು ಬಿಕ್ಕುತ್ತ, ಇದೇನು ತಿಂದಿತ್ತು ನಾಸುನೋ-ಸಾನ್, ಮೆಣಸಿನಕಾಯಾ? — ಅಲ್ಲ, ಕೇಳಿ, ರೋಗಿಗಳು — ಸೆನ್ಸೇ ದನಿಯಲ್ಲಿ ಹೇಳೋ, ಇನ್ನೊಂದ್ಸಲ, ಹಿಂದಿನ ಸಾಲಿನಿಂದ — ಗುಲ್ಮದ ಹಾಗೆ ಗುರುತು ಹಿಡಿದುಬಿಟ್ಟಿದ್ದಾರೆ ನನ್ನನ್ನು, ಒಂದೇ ಸಲಕ್ಕೆ, ಬಾಯಿ ತೆರೆದರೆ ಸಾಕು ನಗುತ್ತಾರೆ, ಅವನು ಎಲ್ಲರಿಗಿಂತ ಜೋರಾಗಿ, ಪರದೆಯತ್ತ ಯಾರೂ ನೋಡುತ್ತಿಲ್ಲ, ಪರದೆಯ ಮೇಲೆ ಕೆಂಡ, ಕೆಂಡದ ಸುತ್ತ ಚಹಾ ಬಟ್ಟಲಿನ ಕಂದು ಉಂಗುರ, ಉಂಗುರದೊಳಗೆ ಕೆಂಡ, ಉಂಗುರ, ಕೆಂಡ