ನುಂಗಿದ ಏಟು

ಸ್ಪೀಕರಿನ ತಂತಿಯನ್ನು ಗೋಡೆಯಿಂದ ಕಿತ್ತು, ಸುರುಳಿ ಸುತ್ತಿ, ಕೈಚೀಲದೊಳಗೆ ತುರುಕಿ ಜಿಪ್ ಎಳೆಯುವಷ್ಟರಲ್ಲಿ ದಹನಗೃಹದ ಮ್ಯಾನೇಜರು ಏದುಸಿರು ಬಿಡುತ್ತ ಓಡಿಬಂದ.

"ಅಯ್ಯೋ ಅಮ್ಮಾ, ಏನ್ ಮಾಡ್ತಿದ್ದೀರಿ? ಅದು ಇಲ್ಲಿಯ ಸಾಮಾನು."

"ಗೊತ್ತು. ಎಲ್ಲ ಮುಗಿದ ಮೇಲೆ ನಾನೇ ಸಿಕ್ಕಿಸಿ ಹೋಗ್ತೀನಿ."

"ಹಾಡು ಹಾಕೋದಿದೆಯಲ್ಲಮ್ಮ. ಹಾಡುಗಾರ್ರು ಬೆಳಿಗ್ಗೇನೇ ಫೋನ್ ಮಾಡಿ ಹೇಳಿದಾರೆ."

"ಅದಕ್ಕೇ ಕಿತ್ತಿದ್ದು."

ಮ್ಯಾನೇಜರು ಅವಳ ಮುಖ ನೋಡಿದ, ಚೀಲ ನೋಡಿದ. ಅಳುವವರನ್ನು ಸಮಾಧಾನ ಮಾಡಿ ಅವನಿಗೆ ಅಭ್ಯಾಸವಿತ್ತು. ಕಣ್ಣಲ್ಲಿ ಒಂದು ಹನಿಯಿಲ್ಲದೆ ತಂತಿ ಕೀಳುವವರನ್ನು ಏನು ಮಾಡಬೇಕೆಂಬುದು ತಿಳಿಯದೆ ತಲೆ ಕೆರೆದುಕೊಂಡ.

ಉದ್ದನೆಯ, ತಣ್ಣನೆಯ ಹಾಲ್ ಅದು. ಎರಡು ಸಾಲು ಬೆಂಚು. ಮುಂದೆ ಕಬ್ಬಿಣದ ಉರುಳೆಗಳ ಮೇಲೆ ಪೆಟ್ಟಿಗೆ, ಅದರಾಚೆ ಮೇಲಕ್ಕೆ ಸರಿಯುವ ಸ್ಟೀಲ್ ಬಾಗಿಲು. ಪೆಟ್ಟಿಗೆಯೊಳಗೆ ಅವಳ ಅಣ್ಣ. ಅವನಿಗೆ ತೊಡಿಸಿದ ಅಂಗಿಯನ್ನು ಅವಳೇ ಎರಡೂ ಕಡೆ ಹಿಡಿದು ಹೊಲಿದಿದ್ದಳು. ಹಳೆಯ ಬಟ್ಟೆಗಳನ್ನು ಬಿಚ್ಚಿ ಸರಿಮಾಡಿಕೊಡುವ ದರ್ಜಿ ಅವಳು. ಬದುಕಿನುದ್ದಕ್ಕೂ ಊರಿನವರ ಅಂಗಿಗಳನ್ನು ಸಡಿಲ ಮಾಡಿದವಳು, ಅಣ್ಣನ ಅಂಗಿಯನ್ನು ಮಾತ್ರ ಆಸ್ಪತ್ರೆ ಸೇರಿದ ಮೇಲೆ ಬಿಗಿ ಮಾಡುತ್ತಲೇ ಹೋಗಬೇಕಾಯಿತು.

ಆ ಹಾಡು ಬೇಡ ಎಂದು ಅಣ್ಣ ಕೇಳಿಕೊಂಡಿದ್ದ. ಹಾಕಿಸುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಅವನು ಅವಳನ್ನು ಏನಾದರೂ ಕೇಳಿದ್ದೇ ಕಡಿಮೆ.

"ನೀವೊಂದು ಹೇಳ್ತೀರಿ, ಅವರೊಂದು ಹೇಳ್ತಾರೆ," ಮ್ಯಾನೇಜರು ಗೊಣಗಿದ. "ನಾನೇನೋ ಸೋಮವಾರವೇ ಹಾಲ್ ಖಾಲಿ ಇದೆ, ಮುಗಿಸಿಬಿಡಿ ಅಂದೆ. ಗುರುವಾರಾನೇ ಆಗಬೇಕು ಅಂತ ಅವರೇ ಪಟ್ಟು ಹಿಡಿದ್ರು."

ಅವಳ ಕೈ ಜಿಪ್ ಮೇಲೆ ನಿಂತಿತು. "ಗುರುವಾರದ ತನಕ ಹಾಲೇ ಸಿಗಲ್ವಂತೆ ಅಂದ್ರಲ್ಲ ನನ್ನ ಹತ್ರ?"

"ಯಾರಂದ್ರು?" ಎಂದವನೇ, ಬಾಯಿ ಜಾರಿದ್ದು ಗೊತ್ತಾಗಿ, ಹೂವಿನ ಕುಂಡ ಸರಿಪಡಿಸುವ ನೆಪದಲ್ಲಿ ಆಚೆ ಹೋದ.

ಅವಳು ಬೆಂಚಿನ ಮೇಲೆ ಕುಳಿತಳು. ಇವತ್ತು ಆ ಹಾಡಿಗೆ ನಲವತ್ತು ವರ್ಷ. ಅಣ್ಣ ಶೈತ್ಯಾಗಾರದ ಖಾನೆಯಲ್ಲಿ ಇಷ್ಟು ದಿನ ಮಲಗಿ ಕಾದದ್ದು ಹಾಡಿನ ಹುಟ್ಟುಹಬ್ಬಕ್ಕೆ.

*

ಧ್ವನಿಮುದ್ರಣದ ದಿನ ಅವಳೂ ಅಲ್ಲಿದ್ದಳು. ಬ್ಯಾಂಡಿನ ನಾಲ್ವರಿಗೂ ಒಂದೇ ತರಹದ ಜಾಕೆಟ್ ಹೊಲಿದುಕೊಟ್ಟವಳು ಅವಳೇ. ಕೊನೆಯ ಗುಂಡಿ ಹಾಕುತ್ತ ಗಾಜಿನ ಈಚೆ ಕೂತಿದ್ದಳು. ಹಾಡುವವನನ್ನು ಎಲ್ಲರೂ ಗಂಟಲು ಎಂದು ಕರೆಯುತ್ತಿದ್ದರು. ಚಿಕ್ಕಂದಿನಿಂದ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದ ಅಣ್ಣನಿಗೆ ಡಬ್ಬಿ ಎಂದು ಹೆಸರು.

ಪಲ್ಲವಿಯ ಕೊನೆಗೆ ಗಂಟಲು ಹಾಡುವುದನ್ನು ನಿಲ್ಲಿಸಬೇಕು, ಡಬ್ಬಿ ಒಬ್ಬನೇ ಡ್ರಮ್ಮಿನ ಮೇಲೆ ನಾಲ್ಕು ಏಟು ಹಾಕಬೇಕು, ಮತ್ತೆ ಎಲ್ಲರೂ ಸೇರಬೇಕು. ಇಷ್ಟೇ ಕೆಲಸ. ಕೋಣೆ ಕುಲುಮೆಯಂತೆ ಕಾದಿತ್ತು. ಮೊದಲ ಪಲ್ಲವಿಯಲ್ಲೇ ಒಂದು ಹಾಕಿದ, ಎರಡು ಹಾಕಿದ, ಮೂರನೆಯದಕ್ಕೆ ಎತ್ತಿದ ಕಡ್ಡಿ ಬೆವರಿಗೆ ಜಾರಿತು. ಗಾಳಿಯಲ್ಲೇ ಹಿಡಿದುಕೊಂಡು ನಾಲ್ಕನೆಯದನ್ನು ಸರಿಯಾಗಿ ಹಾಕಿದ. ಮೂರನೆಯ ಏಟಿನ ಜಾಗದಲ್ಲಿ ಒಂದು ಗುಂಡಿ ಬಿದ್ದಂತಾಯಿತು.

"ಇನ್ನೊಂದ್ಸಲ ಬಾರಿಸ್ತೀನಿ, ಒಂದೇ ಒಂದ್ಸಲ," ಎಂದು ಅಣ್ಣ ಎದ್ದು ನಿಂತ.

ಹೊರಗೆ ಇನ್ನೊಂದು ಬ್ಯಾಂಡು ವಾದ್ಯಗಳನ್ನು ಹೊತ್ತು ಕಾಯುತ್ತಿತ್ತು. ಧ್ವನಿಮುದ್ರಕ ಕಿವಿಯಿಂದ ಹೆಡ್‌ಫೋನ್ ತೆಗೆದ. "ಇದೊಂದು ತುಂಡನ್ನೇ ಮೂರೂ ಪಲ್ಲವಿಗೆ ಅಂಟಿಸ್ತೀನಿ, ಒಂದೇ ತರಹ ಇರುತ್ತೆ. ಯಾರಿಗೂ ಗೊತ್ತಾಗಲ್ಲ ಬಿಡಪ್ಪಾ."

ಎಲ್ಲರಿಗೂ ಗೊತ್ತಾಯಿತು. ಹಾಡು ಹಿಡಿಸಿದ್ದೇ ಆ ಗುಂಡಿಯಿಂದ. ಅಂಗಡಿ, ಬಸ್ಸು, ಶಾಲೆಯ ಮೈದಾನ, ಎಲ್ಲಿ ನೋಡಿದರೂ ಜನ ಚಪ್ಪಾಳೆ, ಚಪ್ಪಾಳೆ, ಮೂರನೆಯದಕ್ಕೆ ಎರಡೂ ಕೈ ಮೇಲಕ್ಕೆತ್ತಿ ಉಸಿರು ಹಿಡಿದು, ನಾಲ್ಕನೆಯದಕ್ಕೆ ಮತ್ತೆ ಚಪ್ಪಾಳೆ. ಪತ್ರಿಕೆಯವರು ಅದಕ್ಕೆ ನುಂಗಿದ ಏಟು ಎಂದು ಹೆಸರಿಟ್ಟರು. ಎಂಥ ಧೈರ್ಯ, ಎಂಥ ಸಂಯಮ ಎಂದು ಹೊಗಳಿ ಬರೆದರು. ಅಣ್ಣ ಆ ಪತ್ರಿಕೆಯಲ್ಲಿ ಬೂಟು ಸುತ್ತಿಟ್ಟ.

*

ಮೊದಲು ಬಂದದ್ದು ಅಣ್ಣ ಕೆಲಸ ಮಾಡುತ್ತಿದ್ದ ರೈಲ್ವೆ ಯಾರ್ಡಿನ ಮೇಸ್ತ್ರಿ. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತ ಪೆಟ್ಟಿಗೆಯ ಮುಂದೆ ನಿಂತ. ಆಮೇಲೆ ಅವಳ ಪಕ್ಕ ಬಂದು ಕೂತ.

"ಅಷ್ಟು ವರ್ಷ ಒಟ್ಟಿಗೆ ಗಾಲಿ ತಟ್ಟಿದ್ವಿ ನೋಡಮ್ಮ. ಬಿರುಕು ಬಿಟ್ಟಿದ್ರೆ ಸುತ್ತಿಗೆ ಏಟಿಗೆ ಗಾಲಿ ಬೇರೆ ತರಹ ಕೂಗುತ್ತೆ. ಜಡಿಮಳೆ ಬರ್ಲಿ, ಗಾರ್ಡು ಹಸಿರು ಬಾವುಟ ತೋರಿಸ್ಲಿ, ಇವನು ಒಂದೇ ಒಂದು ಗಾಲಿ ಬಿಟ್ಟೋನಲ್ಲ. ಇವನು ತಟ್ಟಿದ್ದನ್ನ ನಾನು ಇನ್ನೊಂದ್ಸಲ ತಟ್ಟಿದ್ನೋ, ಆಯ್ತು ಕತೆ. ವಾರ ಪೂರ್ತಿ ಮಾತು ಬಿಡ್ತಿದ್ದ."

"ನನ್ನ ಹತ್ರಾನೂ ಹಾಗೇನೇ. ಹೊಲಿಗೆ ಮಿಷನ್ ಸದ್ದು ಒಂದ್ಸಲ ತಪ್ಪಿದ್ರೂ ಆ ಕೋಣೆಯಿಂದ ಕೂಗೋನು."

ಅಷ್ಟರಲ್ಲಿ ಜನ ತುಂಬತೊಡಗಿದರು. ನರೆತ ಕೂದಲಿನವರು, ಹೊಟ್ಟೆ ಬಂದವರು, ಹಳೆಯ ಟೀ ಶರಟನ್ನು ಹೇಗೋ ಮೈಮೇಲೆ ಏರಿಸಿಕೊಂಡವರು. ಶರಟಿನ ಮೇಲೆ ಮೇಲೆತ್ತಿದ ಎರಡು ಕೈಗಳ ಚಿತ್ರ. ಮೇಸ್ತ್ರಿ ಕಣ್ಣು ಕಿರಿದು ಮಾಡಿ ನೋಡಿದ.

"ಇವರೆಲ್ಲ ಯಾರಮ್ಮ?"

"ಅಣ್ಣ ಡ್ರಮ್ ಬಾರಿಸ್ತಿದ್ನಲ್ಲ, ಆ ಹಾಡಿನ ಅಭಿಮಾನಿಗಳು."

"ಆ ಹಾಡಾ? ಕೈ ಎತ್ತಿ ನಿಲ್ತಾರಲ್ಲ, ಅದು? ಅದನ್ನ ಬಾರಿಸಿದ್ದು ನಮ್ಮೋನಾ?" ಮೇಸ್ತ್ರಿ ಬಾಯಿ ತೆರೆದೇ ಕೂತ. "ನನ್ನ ಮಗಳ ಮದುವೇಲಿ ಹಾಕಿದ್ವಲ್ಲಮ್ಮ ಅದನ್ನ! ಇವನು ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಪಲ್ಯಕ್ಕೆ ಉಪ್ಪು ಜಾಸ್ತಿ ಆಯ್ತೇನೋ ಅಂತ ಅಡುಗೆಯವನನ್ನ ಬೈದಿದ್ದೆ."

ರೇಡಿಯೋದ ಹುಡುಗಿ ಬಂದಳು. ಯಾವ ಹಾಡಿನ ತಟ್ಟೆ ಬಂದು ಎಷ್ಟು ವರ್ಷವಾಯಿತು, ಯಾವ ಬ್ಯಾಂಡು ಯಾವತ್ತು ಒಡೆಯಿತು, ಯಾವ ಗಿಟಾರಿನವನು ಯಾವತ್ತು ಸತ್ತ ಎಂದು ದಿನಾ ಬೆಳಿಗ್ಗೆ ಹೇಳುವವಳು. ಮೈಕನ್ನು ಎದೆಗೊತ್ತಿಕೊಂಡು ಬಗ್ಗಿದಳು.

"ಅಕ್ಕಾ, ನಿಮ್ಮ ದುಃಖದಲ್ಲಿ ತೊಂದರೆ ಕೊಡ್ತಿದೀನಿ. ಆದ್ರೆ ಎರಡೂ ಒಂದೇ ದಿನ ಬಂದಿದೆ ನೋಡಿ, ಹಾಡಿನ ನಲವತ್ತು, ಇವರ ವಿದಾಯ. ಇಂಥದ್ದು ಸಿಗೋದೇ ಇಲ್ಲಕ್ಕ."

"ಬಂದದ್ದಲ್ಲಮ್ಮ, ತರಿಸಿದ್ದು," ಎಂದಳು ಅವಳು. ಹುಡುಗಿಗೆ ಅರ್ಥವಾಗಲಿಲ್ಲ.

ಗಂಟಲು ಬಂದಾಗ ಬೆಂಚುಗಳೆಲ್ಲ ಎದ್ದು ನಿಂತವು. ಅಂದು ಅವಳೇ ಹೊಲಿದ ಜಾಕೆಟ್. ಕಂಕುಳಲ್ಲಿ ಅವಳೇ ಎರಡು ಸಲ ಬಿಚ್ಚಿ ಅಗಲ ಮಾಡಿಕೊಟ್ಟದ್ದು. ಅವಳನ್ನು ತಬ್ಬಿಕೊಂಡು ನಿಜವಾಗಿಯೇ ಬಿಕ್ಕಿದ. ಅವಳು ಅವನನ್ನು ಪಕ್ಕದ ಕಾರಿಡಾರಿಗೆ ಎಳೆದುಕೊಂಡು ಹೋದಳು.

"ಸೋಮವಾರ ಖಾಲಿ ಇತ್ತಂತೆ."

ಗಂಟಲು ಕರವಸ್ತ್ರದಿಂದ ಮೂಗು ಒರೆಸಿಕೊಂಡ. ಸುಳ್ಳು ಹೇಳಲು ಹೊರಟವನು ಅವಳ ಮುಖ ನೋಡಿ ಬಿಟ್ಟ. "ಸೋಮವಾರ ಆಗಿದ್ರೆ ಇಪ್ಪತ್ತು ಜನಾನೂ ಬರ್ತಿರ್ಲಿಲ್ಲ ತಂಗಿ. ಹೊರಗೆ ನೋಡು, ರಸ್ತೆವರೆಗೂ ಇದಾರೆ. ಅವನಿಗೆ ಇಷ್ಟಾದ್ರೂ ಆಗ್ಲಿ ಅಂತ."

"ಅವನಿಗೆ ಬೇಕಿರ್ಲಿಲ್ಲ. ಆ ಹಾಡು ಬೇಡ ಅಂದಿದ್ದ. ನಾನು ಮಾತು ಕೊಟ್ಟಿದೀನಿ ಗಂಟಲಣ್ಣ. ನಿನ್ನ ಕಾಲಿಗೆ ಬೀಳ್ತೀನಿ."

"ಅದು ಅವನ ಹಾಡು ಕಣೇ!"

"ಅದು ಅವನ ತಪ್ಪು."

ಗಂಟಲು ಗೋಡೆಗೆ ಒರಗಿದ. ಮುಖದ ಪೌಡರು ಬೆವರಿಗೆ ಗೀಟುಗೀಟಾಗಿತ್ತು. "ಅವನಿಗಾದ್ರೂ ಯಾರ್ಡಿತ್ತು, ಸುತ್ತಿಗೆ ಇತ್ತು. ನನಗೇನಿದೆ, ಹೇಳು. ಒಂದೇ ಹಾಡಲ್ಲಿ ಬದುಕಿದೋನು ನಾನು. ಇವತ್ತೂ ಹಾಡಲಿಲ್ಲ ಅಂದ್ರೆ ನಾಳೆ ನನ್ನ ಮಾತಾಡಿಸೋರು ಯಾರು?"

ಬೈಯಬೇಕೆಂದು ಬಂದವಳು ಅವನ ಜಾಕೆಟ್ಟಿನ ಕಾಲರು ಸರಿಮಾಡಿ ಒಳಗೆ ನಡೆದಳು.

*

ಹಾಡಿಗೆ ಇಪ್ಪತ್ತೈದು ವರ್ಷ ತುಂಬಿದ ಸಮಾರಂಭಕ್ಕೆ ಯಾರ್ಡಿಗೆ ರಜೆ ಹಾಕಿ ಅಣ್ಣ ಹೋಗಿದ್ದ. ಅದಕ್ಕೆ ಮೊದಲು ಎಷ್ಟೋ ಸಂಜೆ ಅಡುಗೆಮನೆಯ ಸ್ಟೂಲಿನ ಮೇಲೆ ದಿಂಬಿಟ್ಟುಕೊಂಡು ನಾಲ್ಕೂ ಏಟು ಬಾರಿಸುತ್ತಿದ್ದ. ಒಂದು, ಎರಡು, ಮೂರು, ನಾಲ್ಕು. "ಹೇಗಿದೆ?" ಎಂದು ಕೇಳುತ್ತಿದ್ದ. "ಚೆನ್ನಾಗಿದೆ," ಎನ್ನುತ್ತಿದ್ದಳು. ಅಷ್ಟು ಹುರುಪಿನಲ್ಲಿ ಅಣ್ಣನನ್ನು ಅವಳು ಮತ್ತೆ ನೋಡಲಿಲ್ಲ.

ವೇದಿಕೆಯಲ್ಲಿ ಪಲ್ಲವಿ ಮುಗಿಯಿತು. ಸಾವಿರಾರು ಕೈಗಳು ಮೇಲೆದ್ದವು. ಅಣ್ಣ ಮೂರನೆಯ ಏಟನ್ನು ಹಾಕಿದ. ಸ್ಪಷ್ಟವಾಗಿ, ತುಂಬಿದ ಸದ್ದಿನಲ್ಲಿ, ಹೇಗಿರಬೇಕೋ ಹಾಗೆ.

ಗಂಟಲು ಸರಕ್ಕನೆ ಹಿಂತಿರುಗಿ ನೋಡಿದ. ಎತ್ತಿದ ಕೈಗಳು ಏನು ಮಾಡಬೇಕೆಂದು ತಿಳಿಯದೆ ಇಳಿದವು. ಯಾರೋ ಶಿಳ್ಳೆ ಹಾಕಿದರು, ಯಾರೋ ಛೀ ಎಂದರು. ಅವಳ ಹಿಂದಿನ ಸಾಲಿನ ಹೆಂಗಸು ಗಂಡನಿಗೆ ಮೆಲ್ಲಗೆ ಹೇಳಿದಳು, "ಪಾಪ, ವಯಸ್ಸಾಯ್ತು ನೋಡಿ. ತಾಳ ತಪ್ಪಿಹೋಯ್ತು."

ಎರಡನೆಯ ಪಲ್ಲವಿಗೆ ಅಣ್ಣ ಕಡ್ಡಿಯನ್ನು ಗಾಳಿಯಲ್ಲೇ ನಿಲ್ಲಿಸಿದ. ಜನ ಕುಣಿದರು.

ದಿಂಬು ಮರುದಿನ ಹಾಸಿಗೆಗೆ ಹೋಯಿತು. ಹದಿನೈದು ವರ್ಷದ ಮೇಲೆ ಆಸ್ಪತ್ರೆಯಲ್ಲಿ, ಮಾತು ಪೂರ್ತಿ ನಿಲ್ಲುವ ಮೊದಲು, ಅವಳ ಮುಂಗೈ ಹಿಡಿದು ಹೇಳಿದ್ದ: "ನನ್ನನ್ನ ಕಳಿಸೋವಾಗ ಅದು ಬೇಡ ಪುಟ್ಟಿ. ಅಷ್ಟೊತ್ತಾದ್ರೂ ಬೇಡ."

*

ಗಂಟಲು ಪೆಟ್ಟಿಗೆಯ ಪಕ್ಕ ನಿಂತು ಮಾತಾಡಿದ. ಗೆಳೆತನದ ಬಗ್ಗೆ, ಬಾಡಿಗೆ ವ್ಯಾನಿನಲ್ಲಿ ಸುತ್ತಿದ ಊರುಗಳ ಬಗ್ಗೆ. "ನಾವೆಲ್ಲ ಸದ್ದು ಮಾಡಿದ್ವಿ. ಇವನೊಬ್ಬ ಸುಮ್ಮನಿರೋದು ಹೇಗೆ ಅಂತ ತೋರಿಸಿಕೊಟ್ಟ," ಎಂದ. ರೇಡಿಯೋದ ಹುಡುಗಿ ಕಣ್ಣೊರೆಸಿಕೊಂಡಳು. ಹಾಡಿನ ಹೆಸರನ್ನು ಅವನು ಎತ್ತಲಿಲ್ಲ. ಅವಳತ್ತ ಒಮ್ಮೆ ನೋಡಿ ಕೂತುಬಿಟ್ಟ.

ಆದರೆ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ, "ಹಾಡು ಎಲ್ಲಿ?" ಇನ್ನೊಬ್ಬ, "ನಲವತ್ತು ವರ್ಷಾ ರೀ!" ಮ್ಯಾನೇಜರು ಎರಡೂ ಅಂಗೈ ಬಿಚ್ಚಿ ಅವಳತ್ತ ತೋರಿಸಿದ.

ಅವಳು ಎದ್ದಳು. ನಾಲ್ಕು ಜನರ ಮುಂದೆ ನಿಂತು ಮಾತಾಡಿ ಗೊತ್ತಿದ್ದವಳಲ್ಲ.

"ಹಾಡು ಬೇಡ," ಎಂದಳು. "ನನ್ನಣ್ಣ ಅದನ್ನ ಬೇಕಂತ ಬಿಟ್ಟಿದ್ದಲ್ಲ. ಕಡ್ಡಿ ಜಾರಿತ್ತು. ನಾನಿದ್ದೆ ಅಲ್ಲಿ. ಅದು ತಪ್ಪು. ಅದನ್ನ ನೆನೆಸ್ಕೊಂಡು ಸಾಯೋ ತನಕ ನಾಚಿಕೆ ಪಟ್ಟ. ದಯವಿಟ್ಟು ಇವತ್ತೊಂದು ದಿನ ಬಿಟ್ಬಿಡಿ."

ಯಾರೋ ಮೆಲ್ಲಗೆ, ಪ್ರೀತಿಯಿಂದ ನಕ್ಕರು. ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು.

"ಎಂಥ ವಿನಯ ನೋಡಿ!" ಒಬ್ಬ ಮುದುಕ ಗದ್ಗದಿತನಾಗಿ ಹೇಳಿದ. "ತಂಗಿಗೂ ನಿಜ ಹೇಳಿಲ್ಲ ಪುಣ್ಯಾತ್ಮ!"

"ಇಲ್ಲ, ನಿಜವಾಗ್ಲೂ..." ಎಂದಳು. ಅವಳ ದನಿ ಚಪ್ಪಾಳೆಯಲ್ಲಿ ಮುಳುಗಿತು. ಅವಳಿಗೇ ಚಪ್ಪಾಳೆ ಹೊಡೆಯುತ್ತಿದ್ದರು.

ಮ್ಯಾನೇಜರು ಗುಂಡಿ ಒತ್ತಿದ. ಸ್ಟೀಲ್ ಬಾಗಿಲು ಮೇಲೆದ್ದಿತು. ಯಾರೋ ಬೆಂಚಿನ ಬೆನ್ನನ್ನು ತಟ್ಟತೊಡಗಿದರು, ಪಕ್ಕದವರು ಸೇರಿಕೊಂಡರು, ಹೊರಗೆ ನಿಂತಿದ್ದವರು ಬಾಗಿಲ ಮರವನ್ನು ಬಡಿದರು. ಸ್ಪೀಕರು ಬೇಕಾಗಿರಲಿಲ್ಲ. ಹಾಡು ಎಲ್ಲರಿಗೂ ಬಾಯಿಪಾಠವಿತ್ತು. ಮುಂದಿನ ಸಾಲಿನಲ್ಲಿ ಗಂಟಲು ಹಲ್ಲು ಕಚ್ಚಿ ಕೂತಿದ್ದ. ಹಾಡಿನ ಎರಡನೆಯ ಸಾಲಿಗೆ ತಡೆಯಲಾರದೆ ಎದ್ದು ಅವನೂ ಹಾಡಿದ. ದನಿ ಒಡೆದಿತ್ತು, ಆದರೂ ಅದೇ ದನಿ. ಮೇಸ್ತ್ರಿ ಟೋಪಿಯಿಂದ ಮುಖ ಮುಚ್ಚಿಕೊಂಡ.

ಪಲ್ಲವಿ ಹತ್ತಿರ ಬರುತ್ತಿತ್ತು. ಅವಳು ಪೆಟ್ಟಿಗೆಯ ಬಳಿ ಹೋದಳು. ಅಣ್ಣ ಹಾಕಬೇಕಾದದ್ದನ್ನು ತಾನೇ ಹಾಕಿಬಿಡುತ್ತೇನೆ ಎಂದುಕೊಂಡಳು. ಒಂದೇ ಒಂದು ಏಟು. ಇವರೆಲ್ಲ ಕಿವಿ ತುಂಬ ಕೇಳಲಿ. ಗಂಟಲು ನಿಲ್ಲಿಸಿದ. ಇಡೀ ಹಾಲ್ ಬಡಿಯಿತು, ಒಂದು. ಅವಳ ಅಂಗೈ ಮುಚ್ಚಳದ ಮೇಲೆ ಬಿತ್ತು. ಎರಡು. ಮತ್ತೆ ಬಿತ್ತು.

ಕೈಗಳೆಲ್ಲ ಮೇಲೆದ್ದವು. ಹಾಲಿನಲ್ಲಿ ಉಸಿರಿಲ್ಲ. ಒಳಗಿನ ಕುಲುಮೆಯ ಗುಂಯ್‌ಗುಟ್ಟುವಿಕೆ ಮಾತ್ರ.

ಅವಳ ಕೈಯೂ ಮೇಲೆಯೇ ಇತ್ತು. ಬೆರಳು ಬಿಚ್ಚಿಕೊಂಡು, ಎಲ್ಲರ ಕೈಗಳ ಹಾಗೆಯೇ, ಗಾಳಿಯಲ್ಲಿ ನಿಂತಿತ್ತು. ಇಳಿ ಎಂದಳು. ಅದು ಇಳಿಯಲಿಲ್ಲ. ಅದರ ಕೆಳಗಿನಿಂದ ಪೆಟ್ಟಿಗೆ ಸದ್ದಿಲ್ಲದೆ ಮುಂದಕ್ಕೆ ಸರಿಯಿತು.

ನಾಲ್ಕನೆಯದಕ್ಕೆ ಕೈ ತಾನಾಗಿ ಇಳಿಯಿತು. ಕೆಳಗೆ ಬರೀ ಉರುಳೆಗಳು ತಿರುಗುತ್ತಿದ್ದವು.