ಅಣಕು ಬೆಂಕಿಯ ಸಂತ್ರಸ್ತರು

ಚುನಾವಣೆಯ ಅಧ್ಯಯನಕ್ಕೆಂದು ಬಂದಿದ್ದ ರಾಜ್ಯಶಾಸ್ತ್ರದ ಪ್ರೊಫೆಸರ್ ಸೂರ್ಯಪ್ರಕಾಶ್ ಅರ್ಧ ಆಯಸ್ಸು ಸವೆಸಿ ಕಂಡುಕೊಂಡ ಸತ್ಯವನ್ನು ಗಂಗಲಕ್ಷ್ಮಿಯ ಜಗಲಿಯಲ್ಲಿ ಕೂತು, ಕಾಫಿ ಆರುವುದರೊಳಗೆ ಹೇಳಿಬಿಟ್ಟರು. ಅನಾಹುತ ತಡೆದವರಿಗೆ ಜನ ಓಟು ಹಾಕುವುದಿಲ್ಲ. ಅನಾಹುತವಾದ ಮೇಲೆ ಬಂದು ಏನಾದರೂ ಹಂಚಿದವರಿಗೆ ಹಾಕುತ್ತಾರೆ.

ಗಂಗಲಕ್ಷ್ಮಿ ಕಿಬ್ಬನಹಳ್ಳಿ ಕ್ರಾಸಿನಾಚೆಯ ಆ ಊರಿನ ಪಂಚಾಯ್ತಿ ಅಧ್ಯಕ್ಷೆ. ಚುನಾವಣೆ ಬಾಗಿಲಲ್ಲಿತ್ತು. ಕೊಬ್ಬರಿಯಾಗಲೆಂದು ಮನೆಮನೆಯ ಅಟ್ಟದಲ್ಲೂ ವರ್ಷವಿಡೀ ಕಾಯಿ ಬಿದ್ದಿರುವ ಊರದು. ಒಂದು ಬೀಡಿಯ ಕಿಡಿ ಸಾಕು. ತಿಪಟೂರಿನಿಂದ ಬೆಂಕಿ ಗಾಡಿ ಬರುವವರೆಗೆ ಕೊಬ್ಬರಿ ಕಾಯುವುದಿಲ್ಲವೆಂದು ಅವಳು ಹಠ ಹಿಡಿದು ಪಂಚಾಯ್ತಿಗೊಂದು ಟ್ಯಾಂಕರು, ಪಂಪು ತರಿಸಿದ್ದಳು. ಅಟ್ಟದ ಕೆಳಗೆ ಬೀಡಿ ಸೇದುವವರನ್ನು ಬೈದು ಆ ಅಭ್ಯಾಸವನ್ನೂ ಬಿಡಿಸಿದ್ದಳು. ಪರಿಣಾಮವಾಗಿ ಊರಲ್ಲಿ ಏನೂ ಸುಡಲಿಲ್ಲ. ಏನೂ ಸುಡದ ಊರಿಗೆ ಟ್ಯಾಂಕರ್ ಯಾಕೆ ಬೇಕಿತ್ತು ಎಂದು ಜನ ಕೇಳತೊಡಗಿದ್ದರು.

"ಹಂಗಾರೆ ನಾನು ಸೋತಂಗೇ ಅನ್ನಿ, ಸಾರ್."

"ಕೆಲಸ ಜನಕ್ಕೆ ಕಾಣಬೇಕಮ್ಮ. ಒಂದು ಅಣಕು ಕಾರ್ಯಾಚರಣೆ ಮಾಡಿಸಿ."

ಒಳಗಿನಿಂದ ಅತ್ತೆ ಸಿದ್ದಕ್ಕ, "ತಾವೇ ಬೆಂಕಿ ಇಕ್ಕಿ ತಾವೇ ಆರಿಸ್ತಾರಂತೆ. ಇದ್ಕೂ ಕಾಲೇಜಿಗೋಗ್ಬೇಕೇನಪ್ಪ?" ಎಂದಳು.

ಹೊಗೆ ಚೆನ್ನಾಗಿ ಕಾಣಲಿ ಎಂದು ಪ್ರೊಫೆಸರ್ ಹೇಳಿದ್ದೇ ತಡ, ಊರವರು ಭಕ್ತಿಯಿಂದ ತೆಂಗಿನ ಹಸಿ ಮಟ್ಟೆ ಒಟ್ಟಿ ಬೆಂಕಿ ಇಟ್ಟರು. ಟ್ಯಾಂಕರ್ ಬಂತು, ಬೆಂಕಿ ಆರಿತು, ಚಪ್ಪಾಳೆಯೂ ಬಿತ್ತು. ಹೊಗೆ ಮಾತ್ರ ಹೆಂಚಿನ ಸಂದಿಯಿಂದ ಅಟ್ಟ ಹೊಕ್ಕಿತು. ಹೊಗೆ ಕುಡಿದ ಕೊಬ್ಬರಿಗೆ ಮಂಡಿಯಲ್ಲಿ ರೇಟಿಲ್ಲ. ಮರುದಿನ ಪರಿಹಾರ ಕೇಳಲು ಪಂಚಾಯ್ತಿ ಮುಂದೆ ಜನ ಸೇರಿದರು.

"ಅದು ನಾಟ್ಕದ ಬೆಂಕಿ ಕಣ್ರಪ್ಪಾ!" ಎಂದಳು ಗಂಗಲಕ್ಷ್ಮಿ.

"ಬೆಂಕಿ ನಾಟ್ಕದ್ದೇ ಇರ್ಲಿ ಕಣಮ್ಮ," ಮುಂದೆ ನಿಂತಿದ್ದ ದೊಡ್ಡರಂಗಯ್ಯ ಹೇಳಿದ, "ಹೊಗೆ ನಾಟ್ಕದ್ದಾ?"

ಅವಳು ತನ್ನ ಅಟ್ಟದಿಂದ ಒಂದು ಕಾಯಿ ತರಿಸಿ ಸುಲಿಸಿ, ಒಡೆದು ತೋರಿಸಿದಳು. ಕೊಬ್ಬರಿ ಬೆಳ್ಳಗೇ ಇತ್ತು.

"ಅದು ನಿಮ್ಮನೇದು ಬುಡಿ," ಎಂದ ದೊಡ್ಡರಂಗಯ್ಯ.

ಆಗದ ಅನಾಹುತಕ್ಕೆ ಸರ್ಕಾರದ ದುಡ್ಡು ಕೊಡಲಾರೆ ಎಂದು ಅವಳು ಕಡ್ಡಿ ಮುರಿದಂತೆ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಎದುರಾಳಿ ಶಂಭುಲಿಂಗಯ್ಯನ ಟ್ರಾಕ್ಟರ್ ಬಂತು. ಅದರ ತುಂಬ ಅಕ್ಕಿ ಮೂಟೆ, ಮುಂದೆ 'ಬೆಂಕಿ ಸಂತ್ರಸ್ತರಿಗೆ ನೆರವು' ಎಂಬ ಬ್ಯಾನರು. ನೀತಿ ಸಂಹಿತೆ ಜಾರಿಯಾಗಲು ಇನ್ನೂ ಎರಡು ದಿನವಿದ್ದುದರಿಂದ ಅವನ ಕರುಣೆಗೆ ಕಾನೂನಿನ ಅಡ್ಡಿಯಿರಲಿಲ್ಲ. ತಮ್ಮ ಸಿದ್ಧಾಂತವೇ ಟ್ರಾಕ್ಟರ್ ಏರಿ ಬಂದದ್ದನ್ನು ನೋಡಿ ಪ್ರೊಫೆಸರಿಗೆ ಕಣ್ಣು ತುಂಬಿ ಬಂತು. ಫೋಟೋ ತೆಗೆದುಕೊಂಡರು.

ಶಂಭುಲಿಂಗಯ್ಯ ಗೆದ್ದ.

ಸೋತವರ ಸಂದರ್ಶನಕ್ಕೆಂದು ಪ್ರೊಫೆಸರ್ ಮತ್ತೆ ಬಂದಾಗ ಗಂಗಲಕ್ಷ್ಮಿ ಮರ್ಯಾದೆಗೆ ಊಟಕ್ಕೆ ಕೂರಿಸಿದಳು. ಅವರು ಅಭ್ಯಾಸಬಲದಿಂದ ಸಿದ್ದಕ್ಕನನ್ನೂ ಕೇಳಿದರು: "ನೀವು ಓಟು ಯಾರಿಗೆ ಹಾಕಿದ್ರಮ್ಮ?"

"ಮನೇಲಿ ಜಗಳ ಹಚ್ಚಕ್ ಬಂದ್ಯೇನಪ್ಪ? ಸುಮ್ನೆ ಉಣ್ಣು. ನಮ್ ಅಟ್ಟಕ್ಕೂ ಹೊಗೆ ಬಂದಿತ್ತಲ್ಲ, ನಾನೂ ಸಾಲಲ್ಲಿ ನಿಂತು ಒಂದ್ ಮೂಟೆ ತಂದೆ. ಇದು ಅದೇ ಅಕ್ಕಿ, ಪಸಂದಾಗೈತೆ."

ಗಂಗಲಕ್ಷ್ಮಿಯ ಕೈಯ ಸೌಟು ಅಲ್ಲೇ ನಿಂತಿತು. ಪ್ರೊಫೆಸರ್ ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿದರು.